ಹೊಂಡವೋ ಎಸ್‌ಬಿಆರೋ: ಎರಡು ಊರಿನ ಲಾಗ್‌ಬುಕ್ ಪಕ್ಕಪಕ್ಕ ಇಟ್ಟಾಗ

ಕೊಳಚೆ ನೀರಿನ ಘಟಕಗಳಲ್ಲಿ ಕೆಲಸ ಮಾಡುತ್ತಾ ಹನ್ನೊಂದು ವರ್ಷ ಆಯಿತು. ಮೊದಲು ಒಂದು ತಾಲ್ಲೂಕು ಕೇಂದ್ರದಲ್ಲಿ, ಕೊಳಚೆ ನೀರನ್ನು ಬಿಸಿಲಲ್ಲಿ ನಿಲ್ಲಿಸಿ ಶುದ್ಧ ಮಾಡುವ ಹೊಂಡಗಳಲ್ಲಿದ್ದೆ. ನಡುವೆ ಕೆಲವು ತಿಂಗಳು ಯುಎಎಸ್‌ಬಿ ಘಟಕ, ಅಂದರೆ ಗಾಳಿ ಊದದೆಯೇ ಬ್ಯಾಕ್ಟೀರಿಯಾದಿಂದ ಕೊಳೆ ತಿನ್ನಿಸುವ ತೊಟ್ಟಿ. ಈಗ ಇನ್ನೊಂದು ಊರಿನ ಎಸ್‌ಬಿಆರ್, ಅಂದರೆ ಗಾಳಿ ಊದಿ ಸರದಿಯಂತೆ ನೀರು ಶುದ್ಧ ಮಾಡುವ ಯಂತ್ರದ ತೊಟ್ಟಿ. ಊರುಗಳ ಹೆಸರು ಬೇಡ. ಅಲ್ಲಿ ನನ್ನ ಜೊತೆಗಾರರು ಇವತ್ತಿಗೂ ಶಿಫ್ಟ್ ಮಾಡುತ್ತಿದ್ದಾರೆ.

ಪುರಸಭೆ ಸದಸ್ಯರು ಬಂದಾಗಲೆಲ್ಲ ಕೇಳುವ ಮೊದಲ ಪ್ರಶ್ನೆ: "ಒಂದು ಎಂಎಲ್‌ಡಿಗೆ ಎಷ್ಟು ಕೋಟಿ ಆಗುತ್ತೆ?" ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಆದರೆ ಆ ಎಂಎಲ್‌ಡಿ ನಕ್ಷೆಯಲ್ಲಿರುವುದಾ, ಪೈಪಿನಲ್ಲಿ ನಿಜವಾಗಿ ಬರುವುದಾ ಅಂತ ಯಾರೂ ಕೇಳುವುದಿಲ್ಲ. ಎರಡೂ ಘಟಕಗಳ ಲಾಗ್‌ಬುಕ್ ತೆರೆದು ನೋಡಿದಾಗ ನನಗೆ ಅತಿ ದೊಡ್ಡ ವ್ಯತ್ಯಾಸ ಕಂಡದ್ದು ಅಲ್ಲೇ.

ಅದಕ್ಕೇ ನಾನು ಬೇರೆ ಅಳತೆ ಇಟ್ಟುಕೊಂಡೆ. ಒಂದು ಕಿಲೋ ಬಿಓಡಿ ತೆಗೆಯಲು ಎಷ್ಟು ಖರ್ಚಾಯಿತು? ಬಿಓಡಿ ಅಂದರೆ ನೀರಿನಲ್ಲಿರುವ ಕೊಳೆ ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ. ನಮ್ಮ ಲ್ಯಾಬ್‌ಗಳಲ್ಲಿ ಬಾಟಲಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ನೋಡುತ್ತೇವೆ. ಮನೆಗಳಿಂದ ಬರುವ ನೀರಿನಲ್ಲಿ ಲೀಟರ್‌ಗೆ ಸುಮಾರು 250 ಮಿಲಿಗ್ರಾಂ ಇದ್ದರೆ, ಒಂದು ಎಂಎಲ್‌ಡಿಯಲ್ಲಿ 250 ಕಿಲೋ ಕೊಳೆ ಇದೆ ಅಂತ ಲೆಕ್ಕ. ನಾವು ಸಂಬಳ ತೆಗೆದುಕೊಳ್ಳುವುದು ಆ 250 ಕಿಲೋ ತೆಗೆಯಲಿಕ್ಕೆ.

ಹೊಂಡದಿಂದ ಶುರು ಮಾಡುತ್ತೇನೆ. ಸಾಲಾಗಿ ಮೂರು ಹೊಂಡ. ಮೊದಲನೆಯದು ಆಳ, ಕಪ್ಪು. ಎರಡನೆಯದು ಅಗಲ, ಹಸಿರು. ಮೂರನೆಯದು ಒಂದು ಮೀಟರ್ ಆಳ, ಬಿಸಿಲು ತಳದವರೆಗೂ ಇಳಿಯುತ್ತದೆ. ನೀರು ಹತ್ತು ಹದಿನೈದು ದಿನ ಸುಮ್ಮನೆ ನಿಂತು ಸಾಗುತ್ತದೆ. ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ, ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತದೆ. ಕರೆಂಟು ಬೇಕಾಗುವುದು ಹೆಚ್ಚುಕಮ್ಮಿ ನೀರೆತ್ತುವ ಪಂಪಿಗೆ ಮಾತ್ರ.

ಅಲ್ಲಿ ಕಾವಲಿಗಿದ್ದ ಅಣ್ಣ ನನಗೆ ಮೊದಲ ಪಾಠ ಹೇಳಿಕೊಟ್ಟವರು. "ಹಸಿರು ಇದ್ರೆ ಮನೆಗೆ ಹೋಗಿ ಮಲಗಿ ಸಾರ್. ಗುಲಾಬಿ ಬಣ್ಣ ತಿರುಗಿದ್ರೆ ಮಾತ್ರ ಎಬ್ಬಿಸ್ತೀನಿ." ಕೊಳೆಯ ಹೊರೆ ಜಾಸ್ತಿಯಾಗಿ ಆಮ್ಲಜನಕ ಮುಗಿದರೆ ಗಂಧಕ ತಿನ್ನುವ ಬ್ಯಾಕ್ಟೀರಿಯಾ ಮೇಲೆದ್ದು ನೀರು ನಸುಗೆಂಪಾಗುತ್ತದೆ ಅನ್ನುವುದನ್ನು ನಾನು ಓದಿ ತಿಳಿದಿದ್ದೆ. ಅವರು ನೋಡಿ ತಿಳಿದಿದ್ದರು. ನಾನಿದ್ದಷ್ಟು ಕಾಲ ಒಂದೇ ಒಂದು ಸಲ ಎಬ್ಬಿಸಿದರು.

ಈಗ ಎಸ್‌ಬಿಆರ್. ಒಂದೇ ತೊಟ್ಟಿಯಲ್ಲಿ ನೀರು ತುಂಬಿ, ಗಾಳಿ ಊದಿ, ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ತಿಳಿನೀರನ್ನು ಮೆಲ್ಲಗೆ ಬಸಿದುಕೊಳ್ಳುವುದು. ಒಂದು ಸುತ್ತಿಗೆ ಮೂರ್ನಾಲ್ಕು ಗಂಟೆ. ಎಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಒಂದು ಎಂಎಲ್‌ಡಿಗೆ ನಾಲ್ಕೈದು ಗುಂಟೆ ಜಾಗ ಸಾಕು. ಹೊಂಡಕ್ಕಾದರೆ ಒಂದೂವರೆಯಿಂದ ಎರಡೂವರೆ ಎಕರೆ ಬೇಕು. ಬೆಂಗಳೂರಿನ ಹತ್ತಿರ ಅಷ್ಟು ಜಾಗ ಯಾರು ಕೊಡುತ್ತಾರೆ, ಅಲ್ವಾ?

ಎಸ್‌ಬಿಆರ್ ಚೆನ್ನಾಗಿ ನಡೆಯುತ್ತಿದ್ದರೆ ಅದರ ಚಂದವೇ ಬೇರೆ. ಬೆಳಿಗ್ಗೆ ಶಿಫ್ಟಿಗೆ ಬಂದ ಕೂಡಲೇ ನಾನು ಮಾಡುವ ಕೆಲಸ ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿ ಇಡುವುದು. ಅರ್ಧ ಗಂಟೆ ಅಲ್ಲಾಡಿಸಬಾರದು. ಡಿಕಾಕ್ಷನ್ ಬಣ್ಣದ ಕೆಸರು ಒಟ್ಟಾಗಿ ಇಳಿಯುತ್ತಾ ಜಾಡಿಯ ಕಾಲುಭಾಗಕ್ಕೆ ಬಂದು ನಿಂತು, ಮೇಲೆ ನೀರು ತಿಳಿಯಾಗಿದ್ದರೆ ಆ ದಿನ ಚೆನ್ನಾಗಿರುತ್ತದೆ. ಮೂಗಿಗೆ ಹತ್ತಿರ ಹಿಡಿದರೆ ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ. ಕೊಳಚೆ ನೀರು ಅಂದರೆ ಯಾರೂ ನಂಬುವುದಿಲ್ಲ. ಹೊರಗೆ ಹೋಗುವ ನೀರಿನಲ್ಲಿ ಬಿಓಡಿ ಹತ್ತರೊಳಗೆ ಬರುತ್ತದೆ. ಹೊಂಡದಲ್ಲಿ ನಾನು ಎಷ್ಟು ಒದ್ದಾಡಿದರೂ ಆ ಅಂಕಿ ನೋಡಲಿಲ್ಲ. ಅಲ್ಲಿ ಹೊರಬರುವ ನೀರಿನ ಜೊತೆ ಪಾಚಿಯೂ ಬರುತ್ತದೆ. ಬಾಟಲಿ ಹಸಿರು, ಬಿಓಡಿ 30ರ ಆಸುಪಾಸು, ಬೇಸಿಗೆಯಲ್ಲಿ ಅದಕ್ಕಿಂತ ಜಾಸ್ತಿ.

ಇದು ಸಣ್ಣ ವಿಷಯ ಅಲ್ಲ. 2017ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಬಿಡುವ ನೀರಿನ ಬಿಓಡಿಗೆ ಮಹಾನಗರಗಳಲ್ಲಿ 20, ಉಳಿದ ಊರುಗಳಲ್ಲಿ 30 ಅಂತ ಮಿತಿ ಇಟ್ಟಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಇಳಿಸಲು ಹೇಳಿತು. 30 ಅಂದರೆ ಹೊಂಡ ಬದುಕಬಹುದು. 10 ಅಂದರೆ ಹೊಂಡ ಒಂದೇ ಸಾಲದು, ಮುಂದೆ ಜಲ್ಲಿ ಹಾಸಿನ ಶೋಧಕವೋ ಜೊಂಡಿನ ಪಾತಿಯೋ ಸೇರಿಸಬೇಕು. ಹೊಂಡದ ಪರ ಒಂದು ಮಾತು ಹೇಳಲೇಬೇಕು: ರೋಗಾಣು ಕೊಲ್ಲುವುದರಲ್ಲಿ ಅದನ್ನು ಬಿಸಿಲೇ ಗೆಲ್ಲಿಸುತ್ತದೆ. ಎಸ್‌ಬಿಆರ್‌ನಲ್ಲಿ ಅದಕ್ಕೆ ಕ್ಲೋರಿನ್ ಬೇಕು. ಪ್ರತಿ ತಿಂಗಳು ಬಿಲ್ ಬರುತ್ತದೆ.

ಮೂರನೆಯದನ್ನು ಬೇಗ ಮುಗಿಸುತ್ತೇನೆ. ಯುಎಎಸ್‌ಬಿಯಲ್ಲಿ ಗಾಳಿ ಊದುವ ಖರ್ಚಿಲ್ಲ, ಗ್ಯಾಸ್ ಬೇರೆ ಸಿಗುತ್ತದೆ ಅಂತ ಕಟ್ಟಿಸಿದ್ದರು. ನಮ್ಮ ತೆಳು ನೀರಿಗೆ ಗ್ಯಾಸ್ ಹೆಸರಿಗಷ್ಟೇ ಬಂತು. ಬಂದದ್ದು ಕೊಳೆತ ಮೊಟ್ಟೆ ವಾಸನೆ. ಕಂಟ್ರೋಲ್ ಪ್ಯಾನೆಲ್ ಒಳಗಿನ ತಾಮ್ರದ ತಂತಿಗಳು ಕಪ್ಪಾಗಿ, ಪಂಪು ಯಾವಾಗ ನಿಲ್ಲುತ್ತದೋ ಅಂತ ಕಾಯುವ ಹಾಗಾಯಿತು. ಅದರ ನಂತರವೂ ಇನ್ನೊಂದು ಹಂತದ ಸಂಸ್ಕರಣೆ ಬೇಕೇ ಬೇಕು. ಸಣ್ಣ ಊರಿಗೆ ನಾನು ಇದನ್ನು ಹೇಳುವುದಿಲ್ಲ.

ಕರೆಂಟಿನ ಲೆಕ್ಕಕ್ಕೆ ಬರುತ್ತೇನೆ. ಎಸ್‌ಬಿಆರ್ ಪೂರ್ತಿ ಹೊರೆಯಲ್ಲಿ ನಡೆದರೆ ಹತ್ತು ಲಕ್ಷ ಲೀಟರ್‌ಗೆ ಸುಮಾರು 155 ಯೂನಿಟ್ ಸಾಕು. ಯೂನಿಟ್‌ಗೆ 7 ರೂಪಾಯಿ ಇಟ್ಟುಕೊಳ್ಳಿ. 1,085 ರೂಪಾಯಿ. ತೆಗೆದ ಬಿಓಡಿ 240 ಕಿಲೋ. ಕಿಲೋಗೆ ನಾಲ್ಕೂವರೆ ರೂಪಾಯಿ. ಇದಕ್ಕಿಂತ ಕಡಿಮೆಗೆ ಯಾವ ಊರು ತಾನೇ ಕೆರೆ ಉಳಿಸಿಕೊಳ್ಳಲು ಸಾಧ್ಯ?

ಆದರೆ ಪೂರ್ತಿ ಹೊರೆ ಬರುತ್ತದಾ? ನಲವತ್ತು ಸಾವಿರ ಜನರ ಊರು ಅಂದುಕೊಳ್ಳಿ. ನಕ್ಷೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ನೂರಕ್ಕೆ 80ರಷ್ಟು ಕೊಳಚೆ. 4.3 ಎಂಎಲ್‌ಡಿ ಘಟಕ ಕಟ್ಟುತ್ತಾರೆ. ವಾಸ್ತವದಲ್ಲಿ ನಲ್ಲಿಯಲ್ಲಿ 80 ಲೀಟರ್ ಬರುತ್ತದೆ, ಅರ್ಧ ಮನೆಗಳು ಮಾತ್ರ ಯುಜಿಡಿಗೆ, ಅಂದರೆ ಒಳಚರಂಡಿ ಪೈಪಿಗೆ, ಸೇರಿರುತ್ತವೆ. ಒಳಗೆ ಬರುವುದು 1.3 ಎಂಎಲ್‌ಡಿ. ಅದೂ ತೆಳು. ಯಾಕೆಂದರೆ ಎಷ್ಟೋ ಮನೆಯವರು ಹಳೆಯ ಶೌಚದ ಗುಂಡಿಯನ್ನು ಹಾಗೇ ಬಿಟ್ಟು, ಅದು ಉಕ್ಕಿದ ನೀರನ್ನು ಮಾತ್ರ ಪೈಪಿಗೆ ಬಿಟ್ಟಿರುತ್ತಾರೆ. ಮಳೆಗಾಲದಲ್ಲಿ ಚರಂಡಿ ನೀರೂ ನುಗ್ಗುತ್ತದೆ. 250 ಇರಬೇಕಾದ ಬಿಓಡಿ 130 ಆಗುತ್ತದೆ.

ಗಾಳಿ ಊದುವ ಬ್ಲೋವರ್‌ಗೆ ಇದು ಗೊತ್ತಾಗುವುದಿಲ್ಲ. ಅದರ ಅಳತೆಯ ಗಾಳಿ ಅದು ಊದುತ್ತದೆ. ವೇಗ ಇಳಿಸುವ ಡ್ರೈವ್ ಹಾಕಿರದಿದ್ದರೆ ಹತ್ತು ಲಕ್ಷ ಲೀಟರ್‌ಗೆ ಯೂನಿಟ್ ಎರಡರಷ್ಟಾಗುತ್ತದೆ. ತೆಗೆದ ಕೊಳೆ ಅರ್ಧ. ಎರಡೂ ಸೇರಿ ಕಿಲೋ ಲೆಕ್ಕ ನಾಲ್ಕು ಪಟ್ಟು, ಹದಿನೇಳು ಹದಿನೆಂಟು ರೂಪಾಯಿ. ನಮ್ಮ ಘಟಕದ ಮೊದಲ ಎರಡು ವರ್ಷದ ಲಾಗ್‌ಬುಕ್‌ನಲ್ಲಿ ಹತ್ತಿರಹತ್ತಿರ ಇದೇ ಇದೆ. ಹೊಂಡಕ್ಕೆ ಅರ್ಧ ಹೊರೆ ಬಂದರೆ ಏನೂ ಆಗುವುದಿಲ್ಲ. ನೀರು ಇನ್ನಷ್ಟು ದಿನ ನಿಲ್ಲುತ್ತದೆ, ಅಷ್ಟೇ.

ಒಂದು ರಾತ್ರಿ ಎಸ್‌ಬಿಆರ್‌ನಲ್ಲಿ ಕರೆಂಟು ಹೋಯಿತು. ಜನರೇಟರ್‌ಗೆ ಡೀಸೆಲ್ ಇರಲಿಲ್ಲ. ಇಂಡೆಂಟ್ ಕಳಿಸಿ ಹದಿನೈದು ದಿನವಾಗಿತ್ತು. ಬೆಳಿಗ್ಗೆ ಜಾಡಿ ತುಂಬಿದೆ. ಕೆಸರು ಕಂದು ಹೋಗಿ ಬೂದಿ ಬಣ್ಣ. ಕೂತ ಕೆಸರು ಮತ್ತೆ ಉಂಡೆಯುಂಡೆಯಾಗಿ ಮೇಲೆದ್ದು ಬಂತು. ಅದು ಸರಿಹೋಗಲು ಐದು ದಿನ ಹಿಡಿಯಿತು. ಆ ಐದು ದಿನ ಹಳ್ಳಕ್ಕೆ ಹೋದ ನೀರಿನ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ. ಹಳ್ಳದ ಕೆಳಗೆ ತೊಗರಿ ಹೊಲಗಳಿವೆ, ದನ ನೀರು ಕುಡಿಯುತ್ತವೆ.

ಇಷ್ಟು ಹೇಳಿದ ಮೇಲೆ ಪೈಪಿನ ಮಾತು ಬಿಡಲಾಗುವುದಿಲ್ಲ. ಯುಜಿಡಿ ಯೋಜನೆಯ ಹಣದಲ್ಲಿ ಘಟಕಕ್ಕಿಂತ ಪೈಪು, ಮ್ಯಾನ್‌ಹೋಲ್, ನೀರು ಕೂಡಿಸಿ ಪಂಪು ಮಾಡುವ ಬಾವಿಗಳೇ (ವೆಟ್‌ವೆಲ್) ದೊಡ್ಡ ಪಾಲು ತಿನ್ನುತ್ತವೆ. ಒಳಗಿನ ನೀರು ಸೆಕೆಂಡಿಗೆ 60 ಸೆಂಟಿಮೀಟರ್‌ನಷ್ಟಾದರೂ ಓಡಬೇಕು. ಆಗಲೇ ಮರಳು, ಮಲ ತಳಕ್ಕೆ ಕೂರದೆ ತೊಳೆದುಕೊಂಡು ಹೋಗುವುದು. ಅರ್ಧ ಮನೆ ಸೇರದಿದ್ದರೆ ಆ ಓಟ ಬರುವುದಿಲ್ಲ. ಪೈಪು ಕಟ್ಟಿಕೊಳ್ಳುತ್ತದೆ, ಜೋರಾಗಿ ನೀರು ಚಿಮ್ಮಿಸಿ ಅದನ್ನು ತೆರವು ಮಾಡುವ ಜೆಟ್ಟಿಂಗ್ ಗಾಡಿ ಕರೆಸಬೇಕು. ಗಾಡಿ ಬರುವುದು ತಡವಾದರೆ ಯಾರನ್ನೋ ಒಳಗೆ ಇಳಿಸುವ ಯೋಚನೆ ಬರುತ್ತದೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ, ರಕ್ಷಣೆಯ ಸಾಧನವಿಲ್ಲದೆ ಹಾಗೆ ಇಳಿಸುವುದನ್ನು ಅಪರಾಧ ಮಾಡಿದೆ. ನಾನಿರುವ ಕಡೆ ಇಳಿಸಲು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಒಂದು ಬೀದಿಯಲ್ಲಿ ಪೈಪು ಹಾಕಿ ಮೂರು ವರ್ಷವಾದರೂ ಒಬ್ಬ ಅಜ್ಜಿ ಮನೆಗೆ ಸಂಪರ್ಕ ತೆಗೆದುಕೊಂಡಿರಲಿಲ್ಲ. ಕೇಳಿದರೆ, "ಗುಂಡಿ ಇನ್ನೂ ಗಟ್ಟಿ ಐತಿ ತಮ್ಮಾ. ಅಂಗಳ ಅಗದ್ರ ಮತ್ತ ಕಲ್ಲು ಹಾಸೋರು ಯಾರು?" ಅಂದರು. ಅವರ ಮಾತು ನ್ಯಾಯವಾದದ್ದೇ. ಯೋಜನೆಯಲ್ಲಿ ಅಂಗಳದ ಕಲ್ಲಿಗೆ ದುಡ್ಡು ಇಟ್ಟಿರಲಿಲ್ಲ. ಆ ಸಣ್ಣ ಖರ್ಚು ಉಳಿಸಿದ್ದಕ್ಕೆ ಘಟಕದಲ್ಲಿ ನಾವು ವರ್ಷಗಟ್ಟಲೆ ಬರೀ ಗಾಳಿ ಊದಿದ್ದೇವೆ.

2008ರಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ ಊರುಗಳ ಸೇವೆ ಅಳೆಯಲು 28 ಮಾನದಂಡ ಕೊಟ್ಟಿತು. ಕೊಳಚೆಗೆ ಒಂಬತ್ತು: ಎಷ್ಟು ಮನೆ ಪೈಪಿಗೆ ಸೇರಿದೆ, ಎಷ್ಟು ನೀರು ಘಟಕಕ್ಕೆ ಬಂತು, ಎಷ್ಟು ಮಾದರಿ ಪಾಸಾಯಿತು, ನೂರಕ್ಕೆ 20ರಷ್ಟಾದರೂ ಮರುಬಳಕೆ ಆಯಿತಾ, ಖರ್ಚು ಪೂರ್ತಿ ವಸೂಲಾಯಿತಾ ಹೀಗೆ. ಒಳ್ಳೆಯ ಪಟ್ಟಿ. ಅದರಲ್ಲಿ ನಾನು ಮೊದಲು ನೋಡುವುದು ಮನೆ ಸಂಪರ್ಕದ ಅಂಕಿ. ಅದು ನೂರಕ್ಕೆ ಅರವತ್ತು ದಾಟದ ಊರಿನಲ್ಲಿ ಘಟಕದ ತಂತ್ರಜ್ಞಾನದ ಚರ್ಚೆಯೇ ಬೇಡ ಅನ್ನಿಸುತ್ತದೆ.

ಹಾಗಾದರೆ ಪೈಪೇ ಇಲ್ಲದ ಊರು? ನಾನು ದೇವನಹಳ್ಳಿಗೆ ಹೋಗಿ ನೋಡಿಬಂದೆ. 2015ರಿಂದ ಅಲ್ಲಿ ಗುಂಡಿಯ ಕೆಸರನ್ನೇ ಸಂಸ್ಕರಿಸುವ ಘಟಕ ಇದೆ. ದಿನಕ್ಕೆ ಆರು ಸಾವಿರ ಲೀಟರ್ ಕಟ್ಟಿದ ಅಳತೆ, ಅಂದರೆ ಸಕ್ಕಿಂಗ್ ಗಾಡಿಯ ಒಂದೆರಡು ಲೋಡು. ಇಳಿಜಾರಿನ ಮೇಲೆ ತೊಟ್ಟಿಗಳು, ಒಣಗಿಸುವ ಹಾಸುಗಳು, ಜಲ್ಲಿಯ ಶೋಧಕ. ನೀರು ತಾನಾಗಿ ಹರಿದುಕೊಂಡು ಹೋಗುತ್ತದೆ. ಆರು ಸಾವಿರ ಲೀಟರ್ ಸಣ್ಣದು ಅನ್ನಿಸುತ್ತದೆ, ಆದರೆ ಗುಂಡಿಯ ಕೆಸರು ಪೈಪಿನ ನೀರಿಗಿಂತ ಹತ್ತಾರು ಪಟ್ಟು ಗಟ್ಟಿ. ಬಚ್ಚಲು ನೀರು ಮಾತ್ರ ಇದರಲ್ಲಿ ಬರುವುದಿಲ್ಲ, ಅದು ಚರಂಡಿಯಲ್ಲೇ ಹೋಗುತ್ತದೆ. ಅದಕ್ಕೆ ಬೇರೆ ದಾರಿ ಬೇಕು.

ನನ್ನ ಆಯ್ಕೆ ಕೇಳಿದರೆ ಹೀಗೆ ಹೇಳುತ್ತೇನೆ. ಐವತ್ತು ಸಾವಿರದೊಳಗಿನ ಊರು, ಹೊರವಲಯದಲ್ಲಿ ಹತ್ತು ಎಕರೆ ಸಿಗುತ್ತದೆ ಅಂದರೆ ಹೊಂಡ, ಕೊನೆಗೆ ಜಲ್ಲಿ ಶೋಧಕ. ಬದುವಿನ ಹುಲ್ಲು ಕತ್ತರಿಸಲು, ಸೊಳ್ಳೆ ಏಳದ ಹಾಗೆ ಅಂಚು ಚೊಕ್ಕಟ ಇಡಲು, ಕೆಲವು ವರ್ಷಕ್ಕೊಮ್ಮೆ ಕೆಸರು ತೆಗೆಯಲು ಹಣ ಮೊದಲೇ ಬರೆದಿಟ್ಟಿರಬೇಕು. ಜಾಗ ಇಲ್ಲದ ದೊಡ್ಡ ಊರಿಗೆ ಎಸ್‌ಬಿಆರ್, ಆದರೆ ಒಂದೇ ಸಲ ಪೂರ್ತಿ ಅಲ್ಲ. ಎರಡು ತೊಟ್ಟಿ ಈಗ, ಸಂಪರ್ಕ ಬಂದ ಹಾಗೆ ಇನ್ನೆರಡು. ಬ್ಲೋವರ್‌ಗೆ ವೇಗದ ಡ್ರೈವ್, ಡೀಸೆಲ್‌ಗೆ ಬೇರೆ ಖಾತೆ.

ಅಜ್ಜಿಯ ಮನೆಗೆ ಕಳೆದ ವರ್ಷ ಸಂಪರ್ಕ ಆಯಿತು. ವಾರ್ಡಿನ ಸದಸ್ಯರು ಕಲ್ಲು ಹಾಸಿಸಿಕೊಟ್ಟರು. ಆ ಬೀದಿಯ ಉಳಿದ ಮನೆಗಳೂ ಎರಡು ತಿಂಗಳಲ್ಲಿ ಸೇರಿಕೊಂಡವು. ಈಗ ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಒಳಬರುವ ನೀರಿನ ಮಟ್ಟ ಮೊದಲಿಗಿಂತ ಮೇಲೇರಿರುತ್ತದೆ.