ದಾವಣಗೆರೆಯ ಭಾನುವಾರದ ಪಜಲ್ ಕ್ಲಾಸು: 1,600 ರೂಪಾಯಿಗೆ ಏನು ಸಿಗುತ್ತದೆ?

ದಾವಣಗೆರೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಕೋಚಿಂಗ್ ಕೊಡುವ ಕಡೆ ತರ್ಕದ ಪಜಲ್‌ಗಳಿಗೆ ಸಾಮಾನ್ಯವಾಗಿ ಮೂರೋ ನಾಲ್ಕೋ ಕ್ಲಾಸು ಸಿಕ್ಕರೆ ಹೆಚ್ಚು. ಈ ಕೇಂದ್ರ ಮಾತ್ರ ಬರೀ ಅದಕ್ಕೇ ಎಂಟು ಭಾನುವಾರ ಇಟ್ಟಿದೆ. ಹೆಸರು ಇಲ್ಲಿ ಬೇಡ, ಏಕೆಂದರೆ ಮುಂದೆ ಹೇಳುವ ದೂರುಗಳು ಇವರೊಬ್ಬರದೇ ಅಲ್ಲ. ಬೆಳಿಗ್ಗೆ 10ರಿಂದ 1, ಶುಲ್ಕ 1,600 ರೂಪಾಯಿ, ಜೊತೆಗೆ ಜೆರಾಕ್ಸ್ ಮಾಡಿ ಸ್ಪೈರಲ್ ಹಾಕಿದ 96 ಸೆಟ್‌ಗಳ ಪುಸ್ತಕ. ಯಾರು ಯಾವ ದಿನ, ಯಾರಾದ ಮೇಲೆ ಯಾರು, ಯಾವ ಮಹಡಿಯಲ್ಲಿ ಯಾರು: ಇಷ್ಟೇ ವಿಷಯ.

ಮೊದಲ ಮೂರು ವಾರಕ್ಕೇ ದುಡ್ಡು ವಸೂಲಾಗುತ್ತದೆ. ಕಾರಣ, ಇಲ್ಲಿ ಉತ್ತರ ಹುಡುಕುವುದಕ್ಕೆ ಮುಂಚೆ ಬರೆದುಕೊಳ್ಳುವುದನ್ನು ಕಲಿಸುತ್ತಾರೆ. ಚೌಕಾಬಾರದ ಹಾಗೆ ಸಾಲಾಗಿ ಮನೆ ಎಳೆದು, ಪ್ರತಿ ಷರತ್ತನ್ನೂ ಒಂದು ಗುರುತಾಗಿ ಇಳಿಸಬೇಕು. ಷರತ್ತುಗಳನ್ನು ಕೊಟ್ಟ ಕ್ರಮದಲ್ಲೇ ಎತ್ತಿಕೊಳ್ಳುವಂತಿಲ್ಲ. ಜಾಗ ಗಟ್ಟಿಯಾಗಿರುವುದು ಮೊದಲು, ಅಂಟಿಕೊಂಡಿರುವ ಜೋಡಿ ಆಮೇಲೆ, 'ಇವನಿಗಿಂತ ಅವನು ಮುಂಚೆ' ಎನ್ನುವ ಸಡಿಲ ಮಾತು ಕೊನೆಗೆ.

ಎರಡನೇ ವಾರದ ಸೆಟ್ಟಿನ ಮಾದರಿ ಹೀಗಿದೆ. ಜಿಲ್ಲೆಯ ಆರು ತಾಲ್ಲೂಕುಗಳಿಗೆ ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದರಂತೆ ತಪಾಸಣೆ. ಚನ್ನಗಿರಿ ಬುಧವಾರ. ಹೊನ್ನಾಳಿ, ನ್ಯಾಮತಿ ಬೆನ್ನುಬೆನ್ನಿಗೆ, ಯಾವುದು ಮುಂಚೆ ಬಂದರೂ ಸರಿ. ಜಗಳೂರು ಆದಮೇಲೆಯೇ ಹರಿಹರ. ದಾವಣಗೆರೆ ಮೊದಲ ದಿನವೂ ಅಲ್ಲ, ಕೊನೆಯ ದಿನವೂ ಅಲ್ಲ.

ಒಂದೊಂದೇ ಹೆಸರು ತುಂಬಿಸಿ ನೋಡುತ್ತ ಕೂತರೆ ಹತ್ತು ನಿಮಿಷ ಸಾಲದು. ಚನ್ನಗಿರಿಯನ್ನು ಬುಧವಾರಕ್ಕೆ ಕೂರಿಸಿದ ಕೂಡಲೇ ಹೊನ್ನಾಳಿ-ನ್ಯಾಮತಿ ಜೋಡಿಗೆ ಮೂರೇ ಜಾಗ ಉಳಿಯುತ್ತದೆ: ಸೋಮ-ಮಂಗಳ, ಗುರು-ಶುಕ್ರ, ಶುಕ್ರ-ಶನಿ. ಅಲ್ಲಿಗೆ ಮೂರು ಕವಲು. ಜೋಡಿ ಸೋಮ-ಮಂಗಳ ಆದರೆ ಹರಿಹರ ಶನಿವಾರಕ್ಕೇ ಬೀಳುತ್ತದೆ. ಜಗಳೂರು, ದಾವಣಗೆರೆ ಗುರು-ಶುಕ್ರವಾರವನ್ನು ಹೇಗೆ ಬೇಕಾದರೂ ಹಂಚಿಕೊಳ್ಳಬಹುದು. ಗುರು-ಶುಕ್ರ ಆದರೆ ಒಂದೇ ದಾರಿ: ಸೋಮ ಜಗಳೂರು, ಮಂಗಳ ದಾವಣಗೆರೆ, ಶನಿ ಹರಿಹರ. ಶುಕ್ರ-ಶನಿ ಆದರೆ ಸೋಮವಾರ ಜಗಳೂರೇ. ದಾವಣಗೆರೆ, ಹರಿಹರ ಮಂಗಳ-ಗುರುವಾರದಲ್ಲಿ ಅದಲುಬದಲು. ಒಟ್ಟು ಐದು ಚೌಕಟ್ಟು, ಜೋಡಿಯೊಳಗಿನ ಹಿಂದುಮುಂದು ಸೇರಿ ಹತ್ತು ಪಟ್ಟಿ. 'ಹರಿಹರ ಶನಿವಾರ ಇಲ್ಲದಿದ್ದರೆ ಜಗಳೂರು ಯಾವತ್ತು?' ಎಂದರೆ ಸೋಮವಾರ. 'ಹರಿಹರ ಶುಕ್ರವಾರ ಬರಬಹುದೇ?' ಎಂದರೆ ಇಲ್ಲ. ಹೊಸ ಲೆಕ್ಕ ಬೇಕಿಲ್ಲ, ಕವಲು ನೋಡಿ ಹೇಳುವುದಷ್ಟೇ.

ಇದಾದ ಮೇಲೆ ಮೇಷ್ಟ್ರು ಇನ್ನೊಂದು ಷರತ್ತು ಸೇರಿಸುತ್ತಾರೆ: ಜಗಳೂರು ಸೋಮವಾರವಾದರೆ ನ್ಯಾಮತಿ ಶನಿವಾರ. ಕ್ಲಾಸಿನ ಮುಕ್ಕಾಲು ಪಾಲು ಎಡವುವುದು ಇಲ್ಲೇ. ನ್ಯಾಮತಿ ಶನಿವಾರ ಬಂದರೆ ಜಗಳೂರು ಸೋಮವಾರ ಎಂದು ತಿರುಗಿಸಿ ಓದುತ್ತಾರೆ. ಷರತ್ತು ಹಾಗೆ ಹೇಳಿಲ್ಲ. ಅದರಿಂದ ಬರುವ ಮಾತು ಒಂದೇ: ನ್ಯಾಮತಿ ಶನಿವಾರ ಇಲ್ಲವೆಂದರೆ ಜಗಳೂರು ಸೋಮವಾರ ಇಲ್ಲ. ಹಾಗಾಗಿ ಗುರು-ಶುಕ್ರದ ಕವಲು ಪೂರ್ತಿ ಬಿದ್ದುಹೋಗುತ್ತದೆ, ಶುಕ್ರ-ಶನಿಯ ಕವಲಿನಲ್ಲಿ ಹೊನ್ನಾಳಿ ಶುಕ್ರವಾರಕ್ಕೆ ಗಟ್ಟಿಯಾಗುತ್ತದೆ. ಹತ್ತರಲ್ಲಿ ಆರು ಉಳಿಯುತ್ತವೆ. ಈ ಒಂದು ಸೆಟ್ಟಿಗೆ ಒಂದೂವರೆ ಗಂಟೆ ಕೊಡುತ್ತಾರೆ. ನಿಧಾನ ಅನ್ನಿಸಬಹುದು, ಆದರೆ ಕೊಟ್ಟದ್ದು ಸರಿ.

'ಖಂಡಿತ', 'ಸಾಧ್ಯ' ಎಂಬ ಎರಡು ಬಗೆಯ ಪ್ರಶ್ನೆಗಳನ್ನು ಬೇರೆ ಮಾಡಿ ಕಲಿಸುವುದೂ ಚೆನ್ನಾಗಿದೆ. 'ಸಾಧ್ಯ' ಎಂದರೆ ಒಪ್ಪುವ ಒಂದು ಪಟ್ಟಿ ತೋರಿಸಿದರೆ ಮುಗಿಯಿತು. 'ಖಂಡಿತ' ಎಂದರೆ ಅದನ್ನು ಮುರಿಯಲು ನೋಡಬೇಕು, ಮುರಿಯದಿದ್ದರೆ ಅದೇ ಉತ್ತರ. ಪೂರಾ ಪಟ್ಟಿಗಳನ್ನೇ ಆಯ್ಕೆಗಳಾಗಿ ಕೊಟ್ಟಿದ್ದರೆ ಚಿತ್ರವೇ ಬೇಡ. ಒಂದೊಂದು ಷರತ್ತು ಹಿಡಿದು ಅದನ್ನು ಮೀರಿದ ಆಯ್ಕೆ ಹೊಡೆದುಹಾಕಿದರೆ ಸಾಕು.

ಈಗ ದೂರು. ಪುಸ್ತಕದ ಕನ್ನಡ ಕೆಟ್ಟದಾಗಿದೆ. ಕಾಗುಣಿತದ ಮಾತಲ್ಲ, ಅರ್ಥದ ಮಾತು. 'ಹೊನ್ನಾಳಿಯ ನಂತರ ನ್ಯಾಮತಿ' ಎಂದು ಬರೆದು, ಉತ್ತರದಲ್ಲಿ ಮರುದಿನವೇ ಎಂದು ಹಿಡಿದಿದ್ದಾರೆ. 'ನಂತರ' ಎಂದರೆ ಯಾವಾಗಲಾದರೂ ಆಮೇಲೆ. ಮರುದಿನ ಬೇಕಿದ್ದರೆ 'ಮರುದಿನವೇ' ಎನ್ನಬೇಕು. ಮಹಡಿಯ ಸೆಟ್ಟುಗಳಲ್ಲಿ 'ಮೇಲಿನ ಮಹಡಿ' ಎಂಬುದಕ್ಕೂ ಇದೇ ಗತಿ. ಎಲ್ಲಕ್ಕಿಂತ ಕಷ್ಟ 'ಎರಡು ದಿನ ಬಿಟ್ಟು'. ಸೋಮವಾರ ಅಂಗಡಿಯವರು 'ಎರಡು ದಿನ ಬಿಟ್ಟು ಬನ್ನಿ' ಎಂದರೆ ಅರ್ಧ ಊರು ಬುಧವಾರ ಹೋಗುತ್ತದೆ, ಇನ್ನರ್ಧ ಗುರುವಾರ. ಮಾತಿಗೆ ನಡೆಯುತ್ತದೆ, ಪಜಲ್‌ಗೆ ನಡೆಯುವುದಿಲ್ಲ. ನಡುವೆ ಎಷ್ಟು ದಿನ ಎಂದು ಬಿಡಿಸಿ ಬರೆಯಬೇಕಿತ್ತು. ಇಂಥ ಸೆಟ್ಟುಗಳಿಗೆ ಒಂದೇ ಉತ್ತರ ಬರುವುದಿಲ್ಲ. ಹುಡುಗರು ತಮಗೇ ತಲೆ ಓಡುತ್ತಿಲ್ಲ ಎಂದುಕೊಳ್ಳುತ್ತಾರೆ. ಕೇಳಿದರೆ ಮೇಷ್ಟ್ರು ಒಪ್ಪಿಕೊಂಡು ತಿದ್ದಿಸುತ್ತಾರೆ, ಆದರೆ ಕೇಳಬೇಕು. ಪರೀಕ್ಷೆಯಲ್ಲಿ ಕನ್ನಡದ ಸಾಲು ಅನುಮಾನ ತಂದರೆ ಇಂಗ್ಲಿಷ್ ಸಾಲನ್ನೂ ಒಮ್ಮೆ ನೋಡಿಬಿಡುವುದು ಒಳ್ಳೆಯದು.

ದುಂಡು ಮೇಜಿನ ಲೆಕ್ಕಗಳನ್ನು ಆರನೇ ವಾರ ಒಂದೇ ದಿನದಲ್ಲಿ ಮುಗಿಸುತ್ತಾರೆ, ಅದು ಸಾಲದು. ನಡುವಿಗೆ ಮುಖ ಮಾಡಿ ಕೂತವನ ಎಡಗೈ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ಹೊರಗೆ ಮುಖ ಮಾಡಿದರೆ ಅದರ ಉಲ್ಟಾ. ಇದನ್ನು ಹಲಗೆಯ ಮೇಲೆ ಬರೆದು ಮುಂದೆ ಹೋಗಿಬಿಡುತ್ತಾರೆ. ಎಂಟು ಜನರನ್ನು ಕುರ್ಚಿ ಹಾಕಿ ಕೂರಿಸಿ ಒಮ್ಮೆ ತೋರಿಸಿದ್ದರೆ ಮುಗಿಯುತ್ತಿತ್ತು. ಅರ್ಧ ಜನ ಒಳಗೆ, ಅರ್ಧ ಜನ ಹೊರಗೆ ನೋಡುವ ಸೆಟ್ಟುಗಳು ಪುಸ್ತಕದಲ್ಲಿ ನಾಲ್ಕೇ ಇವೆ.

ಕೊನೆಯ ಎರಡು ವಾರ ಗಡಿಯಾರ ಇಟ್ಟು ಬಿಡಿಸುವುದು. ಐಬಿಪಿಎಸ್ ಕ್ಲರ್ಕ್ ಪೂರ್ವಭಾವಿ ಪರೀಕ್ಷೆಯಲ್ಲಿ ತರ್ಕದ 35 ಪ್ರಶ್ನೆಗೆ 20 ನಿಮಿಷ. ಐದು ಪ್ರಶ್ನೆಯ ಸೆಟ್ಟಿಗೆ ಮೂರು ನಿಮಿಷವೂ ಪೂರ್ತಿ ಸಿಗುವುದಿಲ್ಲ. ತಪ್ಪಿದರೆ ಕಾಲು ಅಂಕ ಹೋಗುತ್ತದೆ. ಆದ್ದರಿಂದ ಯಾವ ಸೆಟ್ಟು ಬಿಡಬೇಕು ಎಂಬುದನ್ನೂ ಅಭ್ಯಾಸ ಮಾಡಿಸುತ್ತಾರೆ: ಓದಿ ಮುಗಿಸಿದಾಗ ಒಂದೂ ಗಟ್ಟಿ ಜಾಗ ಸಿಗದೆ, ಕವಲು ಮೂರು ದಾಟುವಂತಿದ್ದರೆ ಮುಂದಕ್ಕೆ ಹೋಗಿ. ಒಳ್ಳೆಯ ನಿಯಮವೇ.

ಕಷ್ಟದ ಸೆಟ್ಟುಗಳು ಎಲ್‌ಸ್ಯಾಟ್, ಅಂದರೆ ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆಯ ಮಾದರಿಯವು. ಅಲ್ಲಿ 2024ರ ಆಗಸ್ಟ್‌ನಿಂದ ಈ ಪಜಲ್‌ಗಳ ವಿಭಾಗವನ್ನೇ ತೆಗೆದುಹಾಕಿದ್ದಾರೆ. ಅಭ್ಯಾಸಕ್ಕೆ ಅದರಿಂದೇನೂ ನಷ್ಟವಿಲ್ಲ, ಷರತ್ತಿನ ಮಾತು ಇಷ್ಟು ಬಿಗಿಯಾಗಿರುವುದು ಬೇರೆ ಕಡೆ ಅಪರೂಪ.

ಚಿತ್ರದುರ್ಗ, ಹೊಳಲ್ಕೆರೆ ಕಡೆಯಿಂದ ಬರುವವರು ಎಂಟೂ ವಾರ ಓಡಾಡುವ ಮುಂಚೆ ಮೊದಲ ಮೂರಕ್ಕೆ ಮಾತ್ರ ಸೇರಬಹುದೇ ಎಂದು ಕೇಳಿ. 700 ರೂಪಾಯಿಗೆ ಒಪ್ಪುತ್ತಾರೆ. ಪೆನ್ಸಿಲ್, ರಬ್ಬರ್ ತರಬೇಡಿ. ಅಳಿಸಿದರೆ ಬಿದ್ದುಹೋದ ಕವಲೂ ಮಾಯವಾಗುತ್ತದೆ, ಮೂರನೇ ಪ್ರಶ್ನೆಗೆ ಅದೇ ಬೇಕಾಗುತ್ತದೆ. ಪೆನ್ನಿನಲ್ಲಿ ಬರೆದು ಮೇಲೊಂದು ಗೀಟು ಎಳೆಯಿರಿ.