ಧಾರವಾಡಕ್ಕೆ ಮನೆ ಮಂದಿ ಜೊತೆ ಹೋದರೆ ಎಲ್ಲಿ ಉಳಿಯಬೇಕು? ಹುಬ್ಬಳ್ಳಿಯ ದೊಡ್ಡ ಹೋಟೆಲ್, ಧಾರವಾಡದ ಹಳೆ ಲಾಡ್ಜ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಧಾರವಾಡದ ಹಳೆ ಲಾಡ್ಜಿಗೆ. ಹುಬ್ಬಳ್ಳಿಯ ಹೋಟೆಲ್ ನೋಡೋಕೆ ಚೆನ್ನಾಗಿತ್ತು. ಲಿಫ್ಟ್ ಇತ್ತು, ಎಸಿ ಇತ್ತು, ಹಾಸಿಗೆ ಮೆತ್ತಗಿತ್ತು. ಆದರೂ ಅವ್ವ, ಇಬ್ಬರು ಮಕ್ಕಳು, ನಾವಿಬ್ಬರು ಹೋಗಿ ಒಂದೆರಡು ದಿನ ಇದ್ದು ಬರೋಕೆ ಇನ್ನು ಮುಂದೆ ಅಲ್ಲಿ ರೂಮ್ ಮಾಡುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲೇ. ಅಪ್ಪ ಓದಿದ್ದು ಕರ್ನಾಟಕ ಕಾಲೇಜಿನಲ್ಲಿ, ನಾನು ಓದಿದ್ದೂ ಅಲ್ಲೇ. ಈಗ ಇರೋದು ಬೆಂಗಳೂರಿನಲ್ಲಿ, ಊರಿನ ಮನೆ ಮಾರಿ ಆಗಿದೆ. ನೆಂಟರಿದ್ದಾರೆ ನಿಜ, ಆದರೆ ಐದು ಜನ ಬ್ಯಾಗು ಹೊತ್ತುಕೊಂಡು ಯಾರ ಮನೆಗೂ ನುಗ್ಗೋಕೆ ಮನಸ್ಸು ಬರಲ್ಲ. ಹಾಗಾಗಿ ಶ್ರಾವಣದಲ್ಲಿ ಅವ್ವನನ್ನು ಕರೆದುಕೊಂಡು ಹೋದಾಗೆಲ್ಲ ರೂಮ್ ಮಾಡುತ್ತೇವೆ. ಹೋಗೋದು ರಾತ್ರಿ ಗಾಡಿಗೆ, ಬರೋದೂ ರಾತ್ರಿ ಗಾಡಿಗೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗ್ಗೆ ಹುಬ್ಬಳ್ಳಿ, ಅದು ದಾಟಿದರೆ ಧಾರವಾಡ. ಈ ಹೋಲಿಕೆಯಲ್ಲಿ ಮುಖ್ಯವಾದ ವಿಷಯ ಇದೇ, ಯಾಕಂದ್ರೆ ಹುಬ್ಬಳ್ಳಿ ಹೋಟೆಲ್ ನಮ್ಮನ್ನು ಕಾಡಿದ್ದು ಹೊತ್ತಿನ ಲೆಕ್ಕದಲ್ಲಿ.

ನಾವು ಹೋಟೆಲ್ ಬಾಗಿಲಲ್ಲಿ ಇಳಿದಾಗ ಬೆಳಗ್ಗೆ ಏಳೂವರೆ. ಮಳೆ ಜಿಟಿಜಿಟಿ ಅಂತ ಹಿಡಿದಿತ್ತು. ಕೌಂಟರ್‌ನಲ್ಲಿದ್ದ ಹುಡುಗ ಬುಕಿಂಗ್ ನೋಡಿ, 'ಚೆಕ್ ಇನ್ ಹನ್ನೆರಡಕ್ಕ ಐತ್ರಿ ಮೇಡಂ' ಅಂದ. ರೂಮ್ ಖಾಲಿ ಇದೆಯಾ ಅಂತ ಕೇಳಿದೆ. ಇತ್ತು. ಆದರೆ ಈಗಲೇ ಬೇಕು ಅಂದ್ರೆ ಅರ್ಧ ದಿನದ ಬಾಡಿಗೆ ಬೇರೆ ಕೊಡಬೇಕು, ಅದೂ ಎರಡೂ ರೂಮಿಗೆ. ಒಂದು ರೂಮಿಗೆ ಮೂರೇ ಜನ ಅನ್ನೋ ನಿಯಮದಿಂದ ಎರಡು ರೂಮ್ ಹಿಡಿದಿದ್ದೆವಲ್ಲ! ನನ್ನವರು ಆಗಲ್ಲ ಅಂದರು. ನನಗೂ ಅದೇ ಸರಿ ಅನಿಸಿತು. ಖಾಲಿ ಬಿದ್ದಿರೋ ರೂಮಿನ ಬೀಗ ತೆಗೆಯೋಕೆ ಅಷ್ಟು ದುಡ್ಡು ಯಾಕೆ ಕೊಡಬೇಕು?

ಹಾಗಂತ ಲಾಬಿಯ ಸೋಫಾ ಮೇಲೆ ಕೂತೆವು. ಮಕ್ಕಳು ಅಲ್ಲೇ ಪಕ್ಕದ ಟಾಯ್ಲೆಟ್ಟಿನಲ್ಲಿ ಹಲ್ಲುಜ್ಜಿ ಬಂದರು. ಅವ್ವ ಸ್ನಾನ ಮಾಡದೆ ಬಾಯಿಗೆ ಏನೂ ಹಾಕುವವಳಲ್ಲ. ಬೆಳಗ್ಗೆ ತಿಂಡಿ ಆದ ಮೇಲೆ ತಗೊಳ್ಳೋ ಬಿಪಿ ಮಾತ್ರೆ ಹಾಗೇ ಪರ್ಸಿನಲ್ಲಿತ್ತು. ಸೋಫಾಕ್ಕೆ ಬೆನ್ನು ಕೊಡದೆ ನೆಟ್ಟಗೆ ಕೂತು, ಒದ್ದೆಯಾದ ಸೀರೆ ಅಂಚು ಹಿಂಡಿಕೊಳ್ಳುತ್ತಾ, 'ಇಲ್ಲೇ ಕುಂದರೂದೇನವಾ ಹನ್ನೆರಡರ ತನಕಾ?' ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಕೊನೆಗೆ ಅಲ್ಲೇ ಕೆಲಸ ಮಾಡೋ ಹೆಂಗಸೊಬ್ಬರು ಬಿಸಿ ಹಾಲು ತಂದುಕೊಟ್ಟರು. ಮಾತ್ರೆ ಹೊಟ್ಟೆ ಸೇರಿದ್ದು ಅದರ ಜೊತೆ.

ರೂಮ್ ಸಿಕ್ಕಿದ್ದು ಹನ್ನೆರಡೂವರೆಗೆ. ಅವ್ವ ಸ್ನಾನ ಮಾಡಿ, ಎರಡು ತುತ್ತು ಉಂಡು ಮಲಗಿದವಳು ಎದ್ದಾಗ ಮೂರು ಗಂಟೆ ದಾಟಿತ್ತು. ಧಾರವಾಡ ಮುಟ್ಟೋ ಹೊತ್ತಿಗೆ ಸಂಜೆ. ಮರುದಿನ ಅದೇ ಕಥೆ ತಿರುಗಾಮುರುಗಾ. ಹನ್ನೆರಡಕ್ಕೆ ರೂಮ್ ಬಿಡಬೇಕು, ಗಾಡಿ ಇರೋದು ರಾತ್ರಿ. ಬ್ಯಾಗು ಇಟ್ಟುಕೊಳ್ಳುತ್ತೇವೆ ಅಂದರು, ಅದೊಂದು ಉಪಕಾರ. ಆದರೆ ಮನುಷ್ಯರನ್ನು ಎಲ್ಲಿ ಇಡೋದು? ಮಧ್ಯಾಹ್ನದಿಂದ ರಾತ್ರಿ ತನಕ ಮುದುಕಿಗೆ ಕಾಲು ಚಾಚೋಕೆ ಜಾಗ ಇಲ್ಲ, ಮಕ್ಕಳಿಗೆ ಒದ್ದೆ ಬಟ್ಟೆ ಬದಲಿಸೋಕೆ ಜಾಗ ಇಲ್ಲ. ಒಂದು ದಿನದ ಪೂರ್ತಿ ಬಾಡಿಗೆ ಕೊಟ್ಟು, ನಮಗೆ ರೂಮ್ ಬೇಕಾಗಿದ್ದ ಹೊತ್ತಲ್ಲೆಲ್ಲ ಹೊರಗೇ ಇದ್ದೆವು.

ಈಗ ಲಾಡ್ಜ್ ವಿಷಯ. ಸುಭಾಷ್ ರಸ್ತೆಗೆ ಹತ್ತಿರದ ಓಣಿಯಲ್ಲಿದೆ. ಇಪ್ಪತ್ನಾಲ್ಕು ತಾಸಿನ ಲೆಕ್ಕ. ನಾವು ಬೆಳಗ್ಗೆ ಹೋಗಿ ನಿಂತಾಗ ಮ್ಯಾನೇಜರ್ ಉದ್ದನೆ ರಿಜಿಸ್ಟರ್ ತೆಗೆದು, ಗೋಡೆ ಗಡಿಯಾರ ನೋಡಿ, '7-40' ಅಂತ ಬರೆದರು. 'ಅಕ್ಕಾರ, ನೀವು ಬಂದ ಟೈಮಿನಿಂದ ನಮ್ಮ ಲೆಕ್ಕ ನೋಡ್ರಿ. ಮೊದ್ಲ ಅವ್ವಾರನ್ನ ಮ್ಯಾಲೆ ಕರ್ಕೊಂಡ್ ಹೋಗ್ರಿ' ಅಂದರು. ಎಂಟೂವರೆಗೆಲ್ಲ ಅವ್ವನ ಸ್ನಾನ ಆಗಿತ್ತು, ಇಡ್ಲಿ ಆಗಿತ್ತು, ಮಾತ್ರೆ ಆಗಿತ್ತು.

ನಾಲ್ಕು ಮಂಚದ ಒಂದೇ ರೂಮ್. ಚಿಕ್ಕವನು ನನ್ನ ಪಕ್ಕ ಮಲಗಿದ. ಬೆಡ್‌ಶೀಟ್ ಹಳೇದು, ಆದರೆ ಒಗೆದದ್ದು. ಬಿಸಿನೀರು ಬೆಳಗ್ಗೆ ಒಂಬತ್ತರ ತನಕ ಮಾತ್ರ. ಟಿವಿ ನಡೆಯಲಿಲ್ಲ, ನಾವು ಕೇಳಲೂ ಇಲ್ಲ. ಬೆಳಗ್ಗೆ ಕಾಯಿಪಲ್ಲೆ ಗಾಡಿಯವರ ಕೂಗಿಗೆ ಎಚ್ಚರ ಆಗುತ್ತದೆ, ತಡವಾಗಿ ಏಳುವವರಿಗೆ ಕಷ್ಟ. ಲಿಫ್ಟ್ ಇಲ್ಲದಿರೋದು ಮಾತ್ರ ನಿಜವಾದ ಕೊರತೆ. ಮೊದಲ ಮಹಡಿಗೆ ಹದಿನೈದಿಪ್ಪತ್ತು ಮೆಟ್ಟಿಲು. ಮೊಣಕಾಲು ನೋವಿರೋ ಅವ್ವ ದಿನಕ್ಕೆ ಎರಡು ಸಲ ಹತ್ತಿ ಇಳಿದಳು, ಅದಕ್ಕಿಂತ ಜಾಸ್ತಿ ಆಗುತ್ತಿರಲಿಲ್ಲ.

ದುಡ್ಡಿನ ಲೆಕ್ಕ ಹೀಗಿದೆ. ಹುಬ್ಬಳ್ಳಿಯಲ್ಲಿ ಒಂದು ರೂಮಿಗೆ 3,000 ರೂಪಾಯಿ ಮೇಲೆ, ಎರಡು ರೂಮಿಗೆ 6,000 ದಾಟಿತು. ಲಾಡ್ಜಿನಲ್ಲಿ ದಿನಕ್ಕೆ 1,800. ಇಪ್ಪತ್ನಾಲ್ಕು ತಾಸಿನ ಲೆಕ್ಕದಲ್ಲಿ ಮರುದಿನ ಬೆಳಗ್ಗೆ 7-40ಕ್ಕೆ ಮೊದಲ ದಿನ ಮುಗಿಯುತ್ತದೆ, ಅದು ನಿಜ. ಆದರೆ ಎರಡನೇ ದಿನದ ಬಾಡಿಗೆಯನ್ನೂ ಪೂರ್ತಿ ಕೊಟ್ಟು ರಾತ್ರಿ ಗಾಡಿ ತನಕ ರೂಮ್ ಇಟ್ಟುಕೊಂಡರೂ 3,600. ಮಧ್ಯಾಹ್ನ ಬಂದು ಉಂಡು ಮಲಗಿ, ಸಂಜೆ ಮತ್ತೆ ತಿರುಗಾಡಿ, ಮುಖ ತೊಳೆದು, ನೇರ ಸ್ಟೇಷನ್ನಿಗೆ ಹೋದೆವು. (7,500 ರೂಪಾಯಿ ತನಕದ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಬಿಲ್ ಕೊಡುವಾಗ ನೋಡಿಕೊಳ್ಳಿ.)

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಎಷ್ಟು ದೂರ, ಎರಡೂ ಊರಿನ ನಡುವೆ ಓಡುವ ಚಿಗರಿ ಎಸಿ ಬಸ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ಚಿಗರಿ ಬಸ್ ಬಗ್ಗೆ ನನ್ನದೇನೂ ತಕರಾರಿಲ್ಲ. ತಂಪಾಗಿರುತ್ತದೆ, ಬಸ್ಸಿನ ಬಾಗಿಲು ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ಇರೋದರಿಂದ ಅವ್ವ ಯಾರ ಕೈಯೂ ಹಿಡಿಯದೆ ಹತ್ತಿದಳು. ಆದರೆ ಸ್ಟಾಪ್ ಇರೋದು ರಸ್ತೆ ನಡುವೆ. ಮಳೆಯಲ್ಲಿ ಮಕ್ಕಳನ್ನು, ಅವ್ವನನ್ನು ಹಿಡಿದುಕೊಂಡು ಅಲ್ಲಿಗೆ ಮುಟ್ಟಬೇಕು. ಆಮೇಲೆ 20 ಕಿಲೋಮೀಟರ್ ಹೋಗಬೇಕು, ಮತ್ತೆ ಬರಬೇಕು. ಒಬ್ಬರೇ ಆದರೆ ಏನೂ ಅನಿಸಲ್ಲ. ಮನೆ ಮಂದಿಯೆಲ್ಲ ಇದ್ದಾಗ ಒಂದು ಸಲ ಹೋಗಿ ಬರೋದರಲ್ಲೇ ಎಲ್ಲರ ಉತ್ಸಾಹ ಇಳಿಯುತ್ತದೆ.

ಧಾರವಾಡ ಚಂದ ಇರೋದೇ ಬೆಳಗ್ಗೆ ಮತ್ತು ಸಂಜೆ. ಬೆಳಗ್ಗೆ ಬೇಗ ಎದ್ದು ವಿಶ್ವವಿದ್ಯಾಲಯದ ಗುಡ್ಡಕ್ಕೆ ಹೋದರೆ ವಾಕಿಂಗ್ ಮಾಡುವವರು, ನವಿಲಿನ ಕೂಗು, ಮಂಜು. 1949ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು. ಕರ್ನಾಟಕ ಕಾಲೇಜು ಇನ್ನೂ ಹಳೇದು, 1917ರದ್ದು. ಆ ಕಲ್ಲಿನ ಕಟ್ಟಡದ ಮುಂದೆ ನಿಂತು ಅವ್ವ ಮೊಮ್ಮಕ್ಕಳಿಗೆ 'ನಿಮ್ಮ ಅಜ್ಜ ಇಲ್ಲೇ ಕಲ್ತಿದ್ದ' ಅಂತ ಹೇಳಿದಾಗ ನಮಗೆ ಗಡಿಬಿಡಿ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಉಳಿದಿದ್ದಾಗ ಇದೇ ಕಾಲೇಜನ್ನು ಆಟೋದಿಂದ ಕೈ ಮಾಡಿ ತೋರಿಸಿ ಮುಂದೆ ಹೋಗಿದ್ದೆವು. ಸಂಜೆ ಸಾಧನಕೇರಿ ಕೆರೆ ದಂಡೆ, ಬೇಂದ್ರೆಯವರ ಮನೆ. ಅಲ್ಲಿಂದ ಆಟೋದಲ್ಲಿ ಬಂದು, ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ. ಉಂಡು ನಡೆದುಕೊಂಡೇ ರೂಮಿಗೆ ಬಂದೆವು.

ಪೇಢೆ ತರೋಕೂ ಅನುಕೂಲ. ಲೈನ್ ಬಜಾರಿನ ಹಳೆ ಅಂಗಡಿ ಮುಂದೆ ಸರದಿ ಇರುತ್ತದೆ, ಹತ್ತಿರವೇ ಇದ್ದರೆ ಬೇಗ ಹೋಗಿ ನಿಲ್ಲಬಹುದು.

ತಿಂಡಿಯಲ್ಲಿ ಹುಬ್ಬಳ್ಳಿ ಹೋಟೆಲ್ಲೇ ಗೆದ್ದಿತು. ರೂಮಿನ ಜೊತೆಗೇ ತಿಂಡಿ, ಮಕ್ಕಳು ದೋಸೆ ಮೇಲೆ ದೋಸೆ ಹಾಕಿಸಿಕೊಂಡರು. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್ ನೋಡಿ ದೊಡ್ಡವನಿಗೆ ಬಲು ಖುಷಿ, ಜಗತ್ತಿನಲ್ಲೇ ಉದ್ದದ್ದು ಅಂತ.

ಕಾರಿನಲ್ಲಿ ಮಧ್ಯಾಹ್ನಕ್ಕೆ ಬಂದು ಮುಟ್ಟುವವರಿಗೆ, ಹುಬ್ಬಳ್ಳಿಯಲ್ಲೇ ಮದುವೆಯೋ ಆಸ್ಪತ್ರೆ ಕೆಲಸವೋ ಇರುವವರಿಗೆ, ಏಪ್ರಿಲ್ ಬಿಸಿಲಲ್ಲಿ ಎಸಿ ಬೇಕೇ ಬೇಕು ಅನ್ನುವವರಿಗೆ ಆ ಹೋಟೆಲ್ ಸರಿ. ನಮ್ಮ ಹಾಗೆ ರಾತ್ರಿ ಗಾಡಿ ಇಳಿದು, ವಯಸ್ಸಾದವರನ್ನು ಕರೆದುಕೊಂಡು, ಧಾರವಾಡ ನೋಡೋಕಂತಲೇ ಬರುವವರು ಧಾರವಾಡದಲ್ಲೇ ಇಳಿದುಕೊಳ್ಳಿ.

ಒಂದು ಮಾತು ನೆನಪಿಡಿ. ಇಪ್ಪತ್ನಾಲ್ಕು ತಾಸಿನ ಲಾಡ್ಜನ್ನು ಮೊಬೈಲ್ ಆಪಿನಲ್ಲಿ ನೋಡಿದಾಗ ನಮಗೆ ಅಲ್ಲೂ ಹನ್ನೆರಡು ಗಂಟೆಯ ಚೆಕ್ ಇನ್ ಅಂತಲೇ ತೋರಿಸಿತು. ಹಾಗಾಗಿ ನೇರ ಫೋನ್ ಮಾಡಿ. ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಹೇಳಿ, ಬಂದ ಹೊತ್ತಿನಿಂದಲೇ ಲೆಕ್ಕವಾ ಅಂತ ಕೇಳಿ. ಬಿಸಿನೀರು ಎಷ್ಟರ ತನಕ, ಕೆಳಗಡೆ ರೂಮ್ ಇದೆಯಾ ಅಂತಲೂ ಕೇಳಿ. ರಿಜಿಸ್ಟರಿನಲ್ಲಿ ಸಹಿ ಹಾಕುವಾಗ ಬರೆದಿರೋ ಟೈಮ್ ಒಮ್ಮೆ ನೋಡಿ. ಈ ಸಲ ನಾನು ಕೆಳಗಿನ ರೂಮ್ ಬೇಕು ಅಂತ ಈಗಲೇ ಹೇಳಿಟ್ಟಿದ್ದೇನೆ.