ಸಮಾಮಿಶ್ ಪೂರ್ವದಂಡೆ, ಸಮಾಮಿಶ್ ನದೀದಂಡೆ, ಬರ್ಕ್-ಗಿಲ್ಮನ್: ನಡಿಗೆಗೆ ಯಾವುದು, ಸೈಕಲ್ಲಿಗೆ ಯಾವುದು?

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ನಗರದ ಪೂರ್ವಕ್ಕಿರುವ ರೆಡ್ಮಂಡ್, ಸಮಾಮಿಶ್, ಇಸಕ್ವಾ ಊರುಗಳಲ್ಲಿ ಕನ್ನಡಿಗರ ಮನೆಗಳು ಕಡಿಮೆಯೇನಿಲ್ಲ. ಬೇಸಿಗೆಯಲ್ಲಿ ಊರಿನಿಂದ ಬಂದ ಅಪ್ಪ ಅಮ್ಮನನ್ನು ಸಂಜೆಯ ವಾಕಿಂಗಿಗೆ ಎಲ್ಲಿಗೆ ಕರೆದುಕೊಂಡು ಹೋಗಬೇಕು, ಆಗತಾನೇ ಸೈಕಲ್ ಕಲಿತ ಮಕ್ಕಳನ್ನು ಎಲ್ಲಿ ಧೈರ್ಯವಾಗಿ ಬಿಡಬಹುದು ಎಂದು ಇಲ್ಲಿನವರು ಪ್ರತಿವರ್ಷ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಈ ಭಾಗದ ಮೂರು ದಾರಿಗಳಲ್ಲಿ ನಾನು ನಡೆದೂ ಇದ್ದೇನೆ, ಸೈಕಲ್ ತುಳಿದೂ ಇದ್ದೇನೆ. ಮೂರೂ ಒಂದಕ್ಕೊಂದು ಕೂಡಿಕೊಂಡಿರುವುದರಿಂದ ನಕ್ಷೆಯಲ್ಲಿ ಒಂದೇ ಉದ್ದನೆಯ ಗೆರೆಯಂತೆ ಕಾಣುತ್ತವೆ. ಕಾಲಿಟ್ಟ ಮೇಲೆ ಮಾತ್ರ ಮೂರರ ಸ್ವಭಾವವೂ ಬೇರೆಬೇರೆ.

ಸಮಾಮಿಶ್ ಸರೋವರದ ಪೂರ್ವದಂಡೆಯ ದಾರಿ ರೆಡ್ಮಂಡ್‌ನಿಂದ ಹೊರಟು ಸಮಾಮಿಶ್ ನಗರದ ಅಂಚಿನಲ್ಲೇ ಸಾಗಿ ಇಸಕ್ವಾ ತಲುಪುತ್ತದೆ. ಉದ್ದ 11 ಮೈಲಿ, ಅಂದರೆ ಸುಮಾರು 17.7 ಕಿಲೋಮೀಟರು. ಇದು ಹಳೆಯ ರೈಲು ಹಳಿಯ ಜಾಗ. 1885ರಲ್ಲಿ ಥಾಮಸ್ ಬರ್ಕ್ ಮತ್ತು ಡೇನಿಯಲ್ ಗಿಲ್ಮನ್ ಮೊದಲಾದವರು ಸೇರಿ ಸ್ಥಾಪಿಸಿದ ರೈಲ್ವೆ ಕಂಪನಿಯ ಹಳಿ ಇಲ್ಲಿ ಹಾದುಹೋಗುತ್ತಿತ್ತು. ರೈಲು ನಿಂತ ಮೇಲೆ, 1998ರಲ್ಲಿ, ಇಲ್ಲಿನ ಜಿಲ್ಲಾಡಳಿತವಾದ ಕಿಂಗ್ ಕೌಂಟಿ ಆ ಜಾಗವನ್ನು ಕೊಂಡಿತು. 2006ರಲ್ಲಿ ಜಲ್ಲಿಯ ದಾರಿ ಜನರಿಗೆ ತೆರೆಯಿತು. ದಂಡೆಯ ಮನೆಗಳವರಲ್ಲಿ ಕೆಲವರು ಜಾಗದ ಹಕ್ಕಿನ ಬಗ್ಗೆ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿದ್ದರಿಂದ ಡಾಂಬರು ಬಿದ್ದದ್ದು ತುಂಡುತುಂಡಾಗಿ. ದಕ್ಷಿಣ ಸಮಾಮಿಶ್‌ನ ಕೊನೆಯ ತುಂಡು ಮುಗಿದು ಈಗ ದಾರಿ ಪೂರ್ತಿಯಾಗಿದೆ. ಡಾಂಬರಿನ ಅಗಲ 12 ಅಡಿ, ಎರಡೂ ಪಕ್ಕದಲ್ಲಿ ಜಲ್ಲಿಯ ಅಂಚು. ಮಂಡಿನೋವಿರುವ ಹಿರಿಯರಿಗೆ ಆ ಜಲ್ಲಿಯ ಅಂಚು ಡಾಂಬರಿಗಿಂತ ಹಿತ ಎನ್ನುವುದನ್ನು ನನ್ನ ತಾಯಿಯ ಜೊತೆ ನಡೆದಾಗ ಗಮನಿಸಿದ್ದೇನೆ.

ರೈಲಿನ ಜಾಗವಾದ್ದರಿಂದ ಏರಿಳಿತ ಇಲ್ಲವೇ ಇಲ್ಲ ಎನ್ನಬಹುದು. ಆದರೆ ಅಲ್ಲಿಗೆ ಇಳಿಯುವುದೇ ಒಂದು ಕೆಲಸ. ಸಮಾಮಿಶ್ ನಗರದ ಬಹುಪಾಲು ಮನೆಗಳು ಸರೋವರಕ್ಕಿಂತ ನೂರಾರು ಅಡಿ ಮೇಲೆ, ಪ್ರಸ್ಥಭೂಮಿಯ ಮೇಲಿವೆ. ಇಂಗಲ್‌ವುಡ್ ಹಿಲ್ ರಸ್ತೆಯಲ್ಲಿ ಸೈಕಲ್ ಬಿಟ್ಟುಕೊಂಡು ಐದು ನಿಮಿಷದಲ್ಲಿ ಇಳಿದವರು, ದಣಿದ ಕಾಲಿನಲ್ಲಿ ಅದೇ ಏರನ್ನು ಹತ್ತಿ ಮನೆ ಸೇರಬೇಕಾಗುತ್ತದೆ. ಇನ್ನೊಂದು ಮಾತನ್ನು ಹೊಸಬರಿಗೆ ಮೊದಲೇ ಹೇಳಬೇಕು. ಹೆಸರಿನಲ್ಲಿ ಸರೋವರವಿದ್ದರೂ ದಾರಿಗೂ ನೀರಿಗೂ ನಡುವೆ ಬಹುದೂರದವರೆಗೆ ಖಾಸಗಿ ಮನೆಗಳಿವೆ. ಬೇಲಿಗಳ ಸಂದಿನಲ್ಲಿ, ಗ್ಯಾರೇಜುಗಳ ನಡುವೆ ನೀಲಿ ನೀರು ಆಗಾಗ ಮಿಂಚಿ ಮರೆಯಾಗುತ್ತದೆ. ಸಾರ್ವಜನಿಕರು ನೀರಿಗೆ ಕಾಲು ಇಳಿಬಿಡಬಹುದಾದ ಜಾಗಗಳೆಂದರೆ ಉತ್ತರದ ಕಡೆಯ ಸಮಾಮಿಶ್ ಲ್ಯಾಂಡಿಂಗ್ ಪಾರ್ಕು ಮತ್ತು ದಕ್ಷಿಣ ತುದಿಯ ರಾಜ್ಯ ಉದ್ಯಾನ. ರಾಜ್ಯ ಉದ್ಯಾನದಲ್ಲಿ ಕಾರು ನಿಲ್ಲಿಸಲು ಡಿಸ್ಕವರ್ ಪಾಸ್ ಎಂಬ ರಾಜ್ಯದ ಪರವಾನಗಿ ಚೀಟಿ ಬೇಕು. ಇಷ್ಟು ಉದ್ದದ ದಂಡೆಯಿರುವ ಸರೋವರಕ್ಕೆ ಇಷ್ಟೇ ಬಾಗಿಲುಗಳು ಸಾಲವು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಮುಂದೆ ದಂಡೆಯಲ್ಲಿ ಮಾರಾಟಕ್ಕೆ ಬರುವ ಒಂದೊಂದು ನಿವೇಶನವನ್ನೂ ನಗರಸಭೆಗಳು ಉದ್ಯಾನದ ಕಣ್ಣಿನಿಂದ ನೋಡಬೇಕು.

ಆ ಮನೆಗಳಿಂದಲೇ ಸೈಕಲ್ ಸವಾರರಿಗೆ ಇನ್ನೊಂದು ತೊಡಕು. ಪ್ರತಿ ಮನೆಗುಂಪಿನ ಡ್ರೈವ್‌ವೇ ದಾರಿಯನ್ನು ಅಡ್ಡಹಾಯುತ್ತದೆ. ವೇಗ ಹಿಡಿಯುವಷ್ಟರಲ್ಲಿ ಮತ್ತೊಂದು ಅಡ್ಡದಾರಿ, ಮತ್ತೊಮ್ಮೆ ಬ್ರೇಕು, ಹಿಂದಕ್ಕೆ ಬರುತ್ತಿರುವ ಕಾರು ಇದೆಯೇ ಎಂದು ಮತ್ತೊಮ್ಮೆ ನೋಟ. ನಡೆಯುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಎಂಟು ವರ್ಷದ ಮಗು ಸೈಕಲ್ಲಿನಲ್ಲಿ ಮುಂದೆ ಹೋಗುತ್ತಿದ್ದರೆ ಮಾತ್ರ ಜೀವ ಕೈಯಲ್ಲಿ ಹಿಡಿದಂತಾಗುತ್ತದೆ. ಹಾಗಾಗಿ ಈ ದಾರಿಯನ್ನು ನಾನು ನಡಿಗೆಯ ದಾರಿಯೆಂದೇ ಎಣಿಸುತ್ತೇನೆ, ಅದರಲ್ಲೂ ಸಂಜೆಯ ನಡಿಗೆಗೆ. ಗುಡ್ಡದ ಬುಡದಲ್ಲಿ ಪಶ್ಚಿಮಕ್ಕೆ ಮುಖಮಾಡಿರುವ ದಂಡೆಯಾದ್ದರಿಂದ ಬೆಳಿಗ್ಗೆ ಬಹಳ ಹೊತ್ತು ನೆರಳು, ಸಂಜೆ ಪೂರ್ತಿ ಬೆಳಕು. ಆಗಸ್ಟಿನಲ್ಲಿ ಪಕ್ಕದ ಮುಳ್ಳುಪೊದೆಗಳಲ್ಲಿ ಬ್ಲ್ಯಾಕ್‌ಬೆರಿ ಹಣ್ಣಾಗಿರುತ್ತದೆ. ಕೆಂಪಗಿರುವುದು ಹುಳಿ, ಕಪ್ಪಾಗಿ, ಹೊಳಪು ಕಳೆದು, ಬೆರಳು ತಾಗಿದೊಡನೆ ಕಳಚಿಕೊಳ್ಳುವುದೇ ಸಿಹಿ.

ಸಮಾಮಿಶ್ ನದೀದಂಡೆಯ ದಾರಿ ಇದಕ್ಕೆ ತದ್ವಿರುದ್ಧ. ರೆಡ್ಮಂಡ್‌ನ ಮೇರಿಮೂರ್ ಉದ್ಯಾನದಿಂದ ವುಡಿನ್‌ವಿಲ್ ಮೂಲಕ ಬಾಥೆಲ್‌ವರೆಗೆ ಸುಮಾರು 10 ಮೈಲಿ. ಸರೋವರದಿಂದ ಹೊರಟ ನದಿ ಜೊತೆಯಲ್ಲೇ ಹರಿಯುತ್ತದೆ. ಪ್ರವಾಹ ತಡೆಯಲೆಂದು 1960ರ ದಶಕದಲ್ಲಿ ನದಿಯನ್ನು ಆಳಗೊಳಿಸಿ ನೇರ ಮಾಡಿದ್ದರಿಂದ ಅದು ಕೆಲವೆಡೆ ಕಾಲುವೆಯಂತೆ ಕಾಣುತ್ತದೆ, ಅದು ನಿಜ. ಆದರೆ ದೊಡ್ಡ ರಸ್ತೆಗಳು ಬಂದಲ್ಲೆಲ್ಲ ದಾರಿ ಸೇತುವೆಯ ಕೆಳಗೆ ನುಸುಳಿ ಹೋಗುತ್ತದೆ. ಕಾರುಗಳ ಗೊಡವೆಯಿಲ್ಲದೆ ಮೈಲಿಗಟ್ಟಲೆ ತುಳಿಯಬಹುದು. ನೋಟ ತೆರೆದಿದೆ: ಹೊಲ, ಫುಟ್‌ಬಾಲ್ ಮೈದಾನ, ನೀರಂಚಿನಲ್ಲಿ ಅಲುಗಾಡದೆ ನಿಂತ ಬೂದುನೀಲಿ ಬಕಪಕ್ಷಿ. ಕೊರತೆಯೆಂದರೆ ನೆರಳು. ಜುಲೈ ತಿಂಗಳ ನಡುಹಗಲಿನಲ್ಲಿ ಇಲ್ಲಿ ಹಿರಿಯರನ್ನು ನಡೆಸಬಾರದು. ಮಕ್ಕಳ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ದಾರಿ ಈ ಸುತ್ತಿನಲ್ಲಿ ನನಗೆ ಸಿಕ್ಕಿಲ್ಲ.

ಬರ್ಕ್-ಗಿಲ್ಮನ್ ದಾರಿ ಮೂರರಲ್ಲಿ ಹಿರಿಯದು. 1978ರಲ್ಲಿ ತೆರೆದ ಇದು ಅಮೆರಿಕದಲ್ಲಿ ರೈಲು ಹಳಿಯನ್ನು ನಡಿಗೆ-ಸೈಕಲ್ ದಾರಿಯಾಗಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಒಂದು. ಅದು ಸಿಯಾಟಲ್ ನಗರದೊಳಕ್ಕೂ ಹೋಗುತ್ತದೆ. ನಾನು ಇಲ್ಲಿ ತೂಗಿ ನೋಡುತ್ತಿರುವುದು ಬಾಥೆಲ್‌ನಿಂದ ಕೆನ್ಮೋರ್ ದಾಟಿ ಲೇಕ್ ಫಾರೆಸ್ಟ್ ಪಾರ್ಕ್‌ವರೆಗಿನ ತುಂಡನ್ನು ಮಾತ್ರ. ಮರಗಳ ನೆರಳು ದಟ್ಟವಾಗಿದೆ, ಆ ಮರಗಳ ಬೇರು ಅಲ್ಲಲ್ಲಿ ಡಾಂಬರನ್ನು ಎತ್ತಿರುವುದರಿಂದ ತೆಳು ಟೈರಿನ ಸೈಕಲ್ಲಿಗೆ ಕುಲುಕಾಟವೂ ಇದೆ. ಕೆನ್ಮೋರ್‌ನ ಲಾಗ್ ಬೂಮ್ ಪಾರ್ಕಿನಲ್ಲಿ ವಾಷಿಂಗ್ಟನ್ ಸರೋವರದೊಳಕ್ಕೆ ಚಾಚಿದ ಕಟ್ಟೆಯ ತುದಿಗೆ ನಡೆದುಹೋಗಿ ನಿಂತರೆ ಹತ್ತಿರದ ನೆಲೆಯಿಂದ ಹೊರಟ ಜಲವಿಮಾನ ನೀರು ಸೀಳುತ್ತಾ ಓಡಿ, ತೇಲುಗಾಲುಗಳಿಂದ ನೀರು ಸುರಿಸುತ್ತಲೇ ಮೇಲೇಳುವುದನ್ನು ನೋಡಬಹುದು. ನೀರಿನ ಸಾಮೀಪ್ಯವೇ ಮುಖ್ಯವೆನ್ನುವವರಿಗೆ ಪೂರ್ವದಂಡೆಯ ಅಷ್ಟುದ್ದದ ದಾರಿಗಿಂತ ಈ ಒಂದು ಕಟ್ಟೆ ಹೆಚ್ಚು ತೃಪ್ತಿ ಕೊಡುತ್ತದೆ.

ಮೂರೂ ಕಡೆ ಅನ್ವಯಿಸುವ ಒಂದು ಎಚ್ಚರಿಕೆಯಿದೆ. ಇಲ್ಲಿ ಬಲಬದಿಯಲ್ಲಿ ನಡೆಯಬೇಕು, ಮುಂದೆ ಹೋಗುವವರು ಎಡದಿಂದ ದಾಟುತ್ತಾರೆ. ಹಿಂದಿನಿಂದ ಬರುವ ಸವಾರರು ‘ಆನ್ ಯುವರ್ ಲೆಫ್ಟ್’ ಎಂದು ಕೂಗುತ್ತಾರೆ ಅಥವಾ ಗಂಟೆ ಬಾರಿಸುತ್ತಾರೆ. ಜೀವಮಾನವಿಡೀ ಎಡಬದಿಯ ರಸ್ತೆಗೆ ಒಗ್ಗಿದ ನಮ್ಮ ಹಿರಿಯರು ಆ ಕೂಗು ಕೇಳಿದೊಡನೆ ಎಡಕ್ಕೇ ಸರಿಯುತ್ತಾರೆ, ನೇರವಾಗಿ ಸೈಕಲ್ಲಿಗೆ ಅಡ್ಡ. ವೇಗದ ಮಿತಿ ಗಂಟೆಗೆ 15 ಮೈಲಿಯಾದರೂ ಆ ವೇಗದ ಪೆಟ್ಟೂ ಸಣ್ಣದಲ್ಲ. ಹೊರಡುವ ಮೊದಲೇ ಅವರಿಗೆ ಬಿಡಿಸಿ ಹೇಳಿ, ಅವರ ಎಡಕ್ಕೆ, ದಾರಿಯ ನಡುವಿನ ಬದಿಗೆ, ನೀವು ನಡೆಯಿರಿ.

ಕಾರಿಲ್ಲದವರಿಗೂ ಈಗ ಅನುಕೂಲವಾಗಿದೆ. 2025ರ ಮೇ ತಿಂಗಳಲ್ಲಿ ಲಘು ರೈಲು ಮೇರಿಮೂರ್ ವಿಲೇಜ್ ಮತ್ತು ರೆಡ್ಮಂಡ್ ಪೇಟೆಯವರೆಗೆ ಬಂದಿದ್ದು, ಸೈಕಲ್ ಸಮೇತ ಇಳಿದು ಪೂರ್ವದಂಡೆಗಾಗಲಿ ನದೀದಂಡೆಗಾಗಲಿ ಹೊರಡಬಹುದು. ಜೂನ್, ಜುಲೈ ತಿಂಗಳಲ್ಲಿ ಒಂಬತ್ತರ ಹೊತ್ತಿಗೂ ಬೆಳಕಿರುವುದರಿಂದ ಅಡುಗೆ ಮುಗಿಸಿಯೇ ಹೊರಡಲು ಅಡ್ಡಿಯಿಲ್ಲ. ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರಿನಲ್ಲಿ ಬಂದ ಅತಿಥಿಗಳಿದ್ದರೆ ಮಾತ್ರ ನಾನು ಎರಡನೆಯ ಯೋಚನೆಯಿಲ್ಲದೆ ಪೂರ್ವದಂಡೆಯ ಇಸಕ್ವಾ ತುದಿಯನ್ನೇ ಹೇಳುತ್ತೇನೆ. ದಾರಿ ಮುಗಿದಲ್ಲಿಂದ ಊರೊಳಗೆ ಸ್ವಲ್ಪ ನಡೆದರೆ ಸಾಲ್ಮನ್ ಮೀನಿನ ಮರಿಕೇಂದ್ರ ಸಿಗುತ್ತದೆ. ಸಮುದ್ರದಿಂದ ಸಿಯಾಟಲ್‌ನ ಬ್ಯಾಲರ್ಡ್‌ನಲ್ಲಿರುವ ಲಾಕ್ (ದೋಣಿಗಳನ್ನು ಏರಿಸಿ ಇಳಿಸುವ ನೀರಿನ ಬಾಗಿಲು) ದಾಟಿ, ವಾಷಿಂಗ್ಟನ್ ಸರೋವರ, ಸಮಾಮಿಶ್ ನದಿ, ಸಮಾಮಿಶ್ ಸರೋವರಗಳನ್ನು ಈಜಿ, ಅಂದರೆ ಈ ಮೂರೂ ದಾರಿಗಳ ಪಕ್ಕದ ನೀರಿನಲ್ಲೇ ಬಂದು, ಮೀನುಗಳು ಇಸಕ್ವಾ ಹಳ್ಳವನ್ನು ಹತ್ತುತ್ತಿರುತ್ತವೆ. ಸೇತುವೆಯ ಮೇಲೆ ನಿಂತು ನೋಡಲು ಟಿಕೆಟ್ಟಿಲ್ಲ. ಶನಿವಾರ, ಭಾನುವಾರ ಜನಜಂಗುಳಿ ಇರುವುದರಿಂದ ವಾರದ ನಡುವಿನ ದಿನ ಹೋಗುವುದು ಒಳ್ಳೆಯದು.